ಇಂಟರ್‌ನ್ಯಾಷನಲ್ ಯೂನಿವರ್ಸಿಟಿ ಆಫ್ ಜಪಾನ್

ಜಪಾನಿನ ನೀಗಾತ ಪ್ರಾಂತ್ಯದ ಮಿನಾಮಿಉಒನುಮ ನಗರದಲ್ಲಿರುವ ಖಾಸಗಿ ವಿಶ್ವವಿದ್ಯಾಲಯ; ಸ್ನಾತಕೋತ್ತರ ಶಿಕ್ಷಣಕ್ಕಷ್ಟೇ ಮೀಸಲು. ಸ್ಥಾಪನೆ 1982. ಹೊರದೇಶಗಳಲ್ಲಿ ವ್ಯವಹರಿಸಬಲ್ಲವರನ್ನು ರೂಪಿಸಲು ಜಪಾನಿನ ಉದ್ಯಮ ವಲಯ ಬೆಂಬಲಿಸಿ ಕಟ್ಟಿಸಿದ ಸಂಸ್ಥೆಯಿದು. ಬ್ಯಾಂಕರ್ ಸೊಹೇ ನಕಯಾಮ ಇದರ ಪ್ರಮುಖ ಪ್ರೇರಕ. ಪಾಠ, ಪರೀಕ್ಷೆ, ಪ್ರಬಂಧ ಎಲ್ಲವೂ ಇಂಗ್ಲಿಷಿನಲ್ಲಿ. ಆ ಕಾಲದ ಜಪಾನಿನಲ್ಲಿ ಇದು ಸಣ್ಣ ಸಾಹಸವೇನಲ್ಲ.

ಮೊದಲು ಆರಂಭವಾದದ್ದು ಅಂತರರಾಷ್ಟ್ರೀಯ ಸಂಬಂಧಗಳ ಶಾಲೆ. ಮ್ಯಾನೇಜ್‌ಮೆಂಟ್ ಶಾಲೆ ಬಂದದ್ದು 1988ರಲ್ಲಿ. ಎಂ.ಎ. ಪದವಿಯ ಅವಧಿ ಎರಡು ವರ್ಷ. ವಿದ್ಯಾರ್ಥಿಗಳಲ್ಲಿ ಬಹುಪಾಲು ವಿದೇಶಿಯರು. ಜಪಾನ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು, ರಜೆ ಹಾಕಿ ಬಂದ ಏಷ್ಯಾದ ಸರ್ಕಾರಿ ಅಧಿಕಾರಿಗಳೂ ಇವರಲ್ಲಿದ್ದಾರೆ. ಹೆಚ್ಚಿನವರ ವಾಸ ಆವರಣದ ಹಾಸ್ಟೆಲಿನಲ್ಲೇ. ತರಗತಿಯಲ್ಲಿ ಮುಗಿಯದ ವಾದ ಅಡುಗೆಮನೆಯಲ್ಲಿ ಮುಂದುವರಿಯುತ್ತದೆ. ಇಲ್ಲಿನ ಓದಿನ ನಿಜವಾದ ಲಾಭ ಇದೇ ಎನ್ನಬೇಕು.

ವಿಶ್ವವಿದ್ಯಾಲಯವಿರುವ ಉಒನುಮ ಪ್ರದೇಶ ಕೊಶಿಹಿಕಾರಿ ಅಕ್ಕಿಗೂ ಆಳೆತ್ತರದ ಹಿಮಕ್ಕೂ ಹೆಸರುವಾಸಿ. ಹತ್ತಿರದ ಉರಾಸ ನಿಲ್ದಾಣಕ್ಕೆ ಟೋಕಿಯೊದಿಂದ ಶಿಂಕಾನ್‌ಸೆನ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ರಾಯಭಾರ ಕಚೇರಿಗಳೂ ಸಚಿವಾಲಯಗಳೂ ಟೋಕಿಯೊದಲ್ಲೇ ಇರುವುದರಿಂದ ಈ ದೂರ ರಾಜತಾಂತ್ರಿಕತೆ ಓದುವವರಿಗೆ ಕೊರತೆಯೇ. ತರಗತಿಗೆ ಜಪಾನಿ ಭಾಷೆ ಬೇಕಿಲ್ಲ. ಊರಿನ ಅಂಗಡಿ, ಆಸ್ಪತ್ರೆಗಳಲ್ಲಿ ಬೇಕು.