ಮೆಟ್ಟೂರಿನ ಕಾರ್ಖಾನೆಯೂ ಮಲೆಯ ಜನರೂ

ಮೆಟ್ಟೂರೆಂದೊಡನೆ ನಮ್ಮ ನೆನಪಿಗೆ ಬರುವುದು 1934ರಲ್ಲಿ ಪೂರ್ಣಗೊಂಡ ಕಾವೇರಿಯ ಅಣೆಕಟ್ಟು. ಅಲ್ಲಿಯ ವಿದ್ಯುತ್ತನ್ನು ನೆಚ್ಚಿ 1965ರಲ್ಲಿ ಮದ್ರಾಸ್ ಅಲ್ಯುಮಿನಿಯಂ ಕಂಪನಿಯ ಕಾರ್ಖಾನೆ ಉತ್ಪಾದನೆ ತೊಡಗಿತು. ಅದಕ್ಕೆ ಬೇಕಾದ ಬಾಕ್ಸೈಟ್ ಅದಿರು ಏರ್ಕಾಡಿನ ಸೇರ್ವರಾಯನ್ ಬೆಟ್ಟದಿಂದಲೂ ಕೊಲ್ಲಿಮಲೆಯಿಂದಲೂ ಇಳಿದು ಬರುತ್ತಿತ್ತು.

ಈ ಬೆಟ್ಟಗಳ ನಿವಾಸಿಗಳು ಮಲೆಯಾಳಿಗಳು. ಇವರು ಕೇರಳದವರಲ್ಲ, ತಮಿಳು ನುಡಿಯುವ ಗಿರಿಜನರು. ಕಂಚಿಯಿಂದ ಹೊರಟ ಅಣ್ಣತಮ್ಮಂದಿರು ಬೇರೆಬೇರೆ ಮಲೆಗಳಲ್ಲಿ ನೆಲೆಸಿದರೆಂಬುದು ಅವರ ಐತಿಹ್ಯ. ಸೇರ್ವರಾಯನ್ ಶಿಖರದ ಗುಹೆಯಲ್ಲಿ ಆ ಮಲೆದೇವರೊಡನೆ ಕಾವೇರಿಗೂ ಪೂಜೆಯುಂಟು. ನಾವು ತಾಯಿಯೆನ್ನುವ ಕಾವೇರಿ ಅವರಿಗೂ ದೇವಿಯೆಂಬುದು ಗಮನಾರ್ಹ.

ಕಂಪನಿಗೆ ಅದಿರಿನ ಕಣಜವಾದ ಬೆಟ್ಟವೇ ಮಲೆಯಾಳಿಗೆ ದೇವರ ನೆಲೆ. ಅಗೆಯುವ ಮುನ್ನ ಅವನ ಒಪ್ಪಿಗೆ ಪಡೆಯಬೇಕೆಂಬ ವಿಧಿ ಅಂದಿನ ಕಾನೂನಿನಲ್ಲಿರಲಿಲ್ಲ. 1997ರ ಸಮತಾ ತೀರ್ಪು ಆಂಧ್ರದ ಪರಿಶಿಷ್ಟ ಪ್ರದೇಶಗಳ ಗಿರಿಜನರಿಗೆ ರಕ್ಷಣೆ ನೀಡಿತು. ತಮಿಳುನಾಡಿನಲ್ಲಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶವೇ ಇಲ್ಲದ್ದರಿಂದ ಆ ಆಸರೆ ಇಲ್ಲಿಗೆ ತಲುಪಲಿಲ್ಲ. ಗ್ರಾಮಸಭೆಗೆ ಅಧಿಕಾರವಿತ್ತದ್ದು 2006ರ ಅರಣ್ಯ ಹಕ್ಕು ಕಾಯಿದೆ.

2008ರಲ್ಲಿ ಮೆಟ್ಟೂರಿನ ಅಲ್ಯುಮಿನಿಯಂ ಉತ್ಪಾದನೆ ನಿಂತಿತು. 1995ರಲ್ಲಿ ಈ ಕಾರ್ಖಾನೆಯನ್ನು ಕೊಂಡಿದ್ದ ಸಮೂಹವೇ ಒಡಿಶಾದ ನಿಯಮಗಿರಿಯ ಅದಿರನ್ನೂ ಬಯಸಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2013ರಲ್ಲಿ ಅಲ್ಲಿ ಸೇರಿದ 12 ಗ್ರಾಮಸಭೆಗಳೂ ಬೇಡವೆಂದವು.

ಅಗೆಯುವ ಮುನ್ನ ಕೇಳುವುದು, ಬೇಡವೆಂದರೆ ಹಿಂದಿರುಗುವುದು: ಗಣಿಗೂ ಗಿರಿಜನರಿಗೂ ಸಂಬಂಧ ಮೊದಲಾಗುವುದು ಇಲ್ಲಿಂದಲೇ. ಈ ಮಲೆಗಳ ಗಣಿಗಳನ್ನು ಕಂಡ ಹಿರಿಯರ ನೆನಪುಗಳನ್ನು ಬರೆದಿಡುವ ಹೊಣೆ ಗಡಿಭಾಗದ ಅಧ್ಯಾಪಕರಾದ ನಮ್ಮ ಮೇಲಿದೆ.