ಅಹ್ಮದ್ ಖಾನ್: ಬರಿಗಾಲಿನ ಮುನ್ಪಡೆ ಆಟಗಾರ

ಅಹ್ಮದ್ ಖಾನ್ 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಬಾಬಾ ಖಾನ್ ಕೂಡ ಫುಟ್‌ಬಾಲ್ ಆಟಗಾರ. ಬ್ರಿಟಿಷ್ ಸೈನಿಕರು ದಂಡುಪ್ರದೇಶದಲ್ಲಿ ಆಡುತ್ತಿದ್ದ ಫುಟ್‌ಬಾಲ್ ಅಷ್ಟರಲ್ಲಾಗಲೇ ಊರಿನವರ ಆಟವೂ ಆಗಿತ್ತು. 1891ರಲ್ಲಿ ಶುರುವಾದ ಮುಂಬೈಯ ರೋವರ್ಸ್ ಕಪ್ ದೀರ್ಘಕಾಲ ಸೈನಿಕ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಅದರ ಪಾಲಾಯಿತು. ಅಹ್ಮದ್ ಮೊದಲು ಬೆಂಗಳೂರು ಕ್ರೆಸೆಂಟ್ಸ್, ಬಳಿಕ ಈ ತಂಡದ ಪರ ಆಡಿದರು.

ಆಗಿನ ತಂಡಗಳಲ್ಲಿ ಮುನ್ಪಡೆಗೆ ಐವರು: ಎರಡು ಅಂಚುಗಳಲ್ಲಿ ಇಬ್ಬರು, ನಡುವೆ ಒಬ್ಬ, ಇವರ ಸಂದುಗಳಲ್ಲಿ ಇನ್ನಿಬ್ಬರು. ಅಹ್ಮದ್ ಅವರದು ಎಡಗಡೆಯ ಸಂದು, ಅಂದರೆ ಇನ್‌ಸೈಡ್ ಲೆಫ್ಟ್ ಸ್ಥಾನ. ಗೋಲು ಹೊಡೆಯುವುದಷ್ಟೇ ಅಲ್ಲ, ಚೆಂಡನ್ನು ಹಿಂದಿನಿಂದ ತಂದು ಜೊತೆಗಾರರಿಗೆ ಒಪ್ಪಿಸುವುದೂ ಆ ಸ್ಥಾನದ ಕೆಲಸ. ಬರಿಗಾಲಿನಲ್ಲಿ ಚೆಂಡನ್ನು ಆಡಿಸುತ್ತ ಎದುರಾಳಿಗಳನ್ನು ದಾಟುತ್ತಿದ್ದ ಅವರಿಗೆ 'ಹಾವಾಡಿಗ' ಎಂಬ ಬಿರುದು ಬಂತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಹ್ಮದ್ ಇದ್ದ ಭಾರತ ತಂಡದ ಬಹುತೇಕ ಆಟಗಾರರು ಬೂಟಿಲ್ಲದೆ ಕಣಕ್ಕಿಳಿದರು. ಫ್ರಾನ್ಸ್ ವಿರುದ್ಧ ಎರಡು ಪೆನಾಲ್ಟಿಗಳು ಕೈತಪ್ಪಿ, ಪಂದ್ಯ 1-2ರಲ್ಲಿ ಹೋಯಿತು. ಭಾರತದ ಏಕೈಕ ಗೋಲು ಹೊಡೆದವರು ಸಾರಂಗಪಾಣಿ ರಾಮನ್.

1949ರಲ್ಲಿ ಅಹ್ಮದ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಅವರೊಡನೆ ಅಹ್ಮದ್ ಕೂಡಿದ ಮುನ್ಪಡೆಯನ್ನು ಬಂಗಾಳದವರು 'ಪಂಚಪಾಂಡವರು' ಎಂದು ಕರೆದರು, ಐವರೂ ದಕ್ಷಿಣದವರು. ಆ ವರ್ಷ ಕ್ಲಬ್ ಕೋಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡ್ 1951ರವರೆಗೆ ಸತತ ಮೂರು ವರ್ಷ ಅದರದೇ ಆಯಿತು. 1951, 1952ರಲ್ಲಿ ಡುರಾಂಡ್ ಕಪ್ ಕೂಡ ಬಂತು.

1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಅಹ್ಮದ್ ಇದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಭಾರತವನ್ನು 10-1ರಿಂದ ಮಣಿಸಿತು. ಆ ಒಂದು ಗೋಲು ಅಹ್ಮದ್ ಅವರದು. ಒಣ ನೆಲದಲ್ಲಿ ಚೆಂಡಿನ ಹಿಡಿತ ಕೊಡುತ್ತಿದ್ದ ಬರಿಗಾಲು ಅಲ್ಲಿನ ಚಳಿಯಲ್ಲಿ ನೆರವಿಗೆ ಬರಲಿಲ್ಲ. ಈ ಸೋಲಿನ ಬಳಿಕ ಭಾರತದ ಫುಟ್‌ಬಾಲ್‌ನಲ್ಲಿ ಬೂಟು ಕಡ್ಡಾಯವಾಯಿತು.

ಅಹ್ಮದ್ 1959ರವರೆಗೂ ಈಸ್ಟ್ ಬೆಂಗಾಲ್‌ನಲ್ಲಿ ಆಡಿ, 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು.