ಕಾಲಿನ ಬಲ ತೂಗಿದ ಕಥೆ

ಸ್ವಾತಂತ್ರ್ಯ ಬರುವ ತನಕ ಗದಗ ಸೀಮೆಯ ನಾಲ್ಕು ಊರುಗಳಲ್ಲಿ ಮೂರು ಕಾರಭಾರ ನಡೆಯುತ್ತಿತ್ತು. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜಿನದು. 1932ರಲ್ಲಿ ಮುಂಬೈ ಸರ್ಕಾರ ತೂಕ-ಅಳತೆಯ ಕಾಯ್ದೆ ತಂದರೂ ಅದು ಸಂಸ್ಥಾನಗಳ ಗಡಿ ದಾಟುವಂತಿರಲಿಲ್ಲ. ಹತ್ತಿ, ಶೇಂಗಾ ಬೆಳೆದವನಿಗೆ ತಕ್ಕಡಿ ಎಂದರೆ ಮೊದಲಿನಿಂದಲೂ ಅನುಮಾನ. ಗದಗಿನಲ್ಲಿ 1917ರಷ್ಟು ಹಿಂದೆಯೇ ಹತ್ತಿ ಮಾರಾಟದ ಸಹಕಾರಿ ಸಂಘ ಹುಟ್ಟಿತು. ಇಡೀ ದೇಶಕ್ಕೆ ಒಂದೇ ತೂಕ ಎಂಬ ಕಾಯ್ದೆ ಬಂದದ್ದು 1956ರಲ್ಲಿ. ಕಿಲೋಗ್ರಾಂ ಪೇಟೆಗೆ ಇಳಿಯತೊಡಗಿದ್ದು 1958ರ ಅಕ್ಟೋಬರಿನಿಂದ. ಕಬ್ಬಿಣದ ತೂಕದ ಕಲ್ಲಿಗೆ ಸೀಸ ತುಂಬಿ, ಅದರ ಮೇಲೆ ಸರ್ಕಾರದ ಮುದ್ರೆ ಒತ್ತಿದ ಮೇಲೆಯೇ ಅದಕ್ಕೆ ಮರ್ಯಾದೆ.

ಬೆಳೆಗೆ ತೂಕ ಸಿಕ್ಕಿತು. ಮೈಯ ಬಲಕ್ಕೆ?

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದಕ್ಕೂ ಒಂದು ಕಲ್ಲಿತ್ತು: ಸಂಗ್ರಾಣಿ ಕಲ್ಲು. ಜಾತ್ರೆಯಲ್ಲಿ ಅದನ್ನು ಎತ್ತಿದವನು ಪೈಲವಾನ, ಎತ್ತದವನು ನೋಡುವವನು. ಲೆಕ್ಕ ಸರಳ, ಆದರೆ ಅರ್ಧ. ಎಷ್ಟು ಭಾರ ಎತ್ತಿದ ಎಂಬುದು ಅದರಿಂದ ತಿಳಿಯುತ್ತದೆ, ಎಷ್ಟು ಬೇಗ ಎತ್ತಿದ, ಎಷ್ಟು ಹೊತ್ತು ಎತ್ತುತ್ತಲೇ ಇರಬಲ್ಲ ಎಂಬುದು ತಿಳಿಯುವುದಿಲ್ಲ. ಸೈಕಲ್ ಸವಾರನಿಗೆ ಬೇಕಾದದ್ದು ಆ ಉಳಿದರ್ಧ. ತುಳಿತದ ಬಲವನ್ನು ವೇಗದಿಂದ ಗುಣಿಸಿದರೆ ಬರುವ ವಾಟ್.

ಅದನ್ನು ಅಳೆಯುವ ನಿಂತ ಸೈಕಲ್ಲನ್ನು ಡೆನ್ಮಾರ್ಕಿನ ಶರೀರಶಾಸ್ತ್ರಜ್ಞ ಆಗಸ್ಟ್ ಕ್ರೋಗ್ 1913ರಲ್ಲೇ ಕಟ್ಟಿದ್ದ. ಅವನದು ಅಯಸ್ಕಾಂತದ ಬ್ರೇಕು. ಹೆಚ್ಚು ಬಳಕೆಗೆ ಬಂದದ್ದು ಸ್ವೀಡನ್ನಿನ ಫಾನ್ ಡೋಬೆಲ್ನ್ 1954ರಲ್ಲಿ ರೂಪಿಸಿದ ಯಂತ್ರ. ಭಾರದ ಚಕ್ರದ ಸುತ್ತ ಒಂದು ಪಟ್ಟಿ, ಅದರ ಬಿಗಿತ ತೋರಿಸಲು ಒಂದು ಲೋಲಕ, ಅಷ್ಟೇ. ಪೆಡಲ್ ಒಂದು ಸುತ್ತು ಬಂದರೆ ಚಕ್ರದ ಅಂಚು 6 ಮೀಟರ್ ಸಾಗುವಂಥ ವ್ಯವಸ್ಥೆ. ಪಟ್ಟಿಯ ಮೇಲೆ 1 ಕಿಲೋ ಭಾರವಿಟ್ಟು ನಿಮಿಷಕ್ಕೆ 50 ಸುತ್ತು ತುಳಿದರೆ ಸುಮಾರು 49 ವಾಟ್. ಯಂತ್ರ ಸುಳ್ಳು ಹೇಳುತ್ತಿದೆಯೇ ಎಂದು ನೋಡಲು ಪಟ್ಟಿ ಬಿಚ್ಚಿ 4 ಕಿಲೋದ ತೂಕ ನೇತುಹಾಕುವುದು. ಲೋಲಕ 4ರ ಗೆರೆಗೆ ಬಂದು ನಿಂತರೆ ಸರಿ. ಬಜಾರದಲ್ಲಿ ತೂಕ ತಪಾಸಿಸುವ ಇನ್‌ಸ್ಪೆಕ್ಟರ್ ಮಾಡುವುದೂ ಇದನ್ನೇ.

1986ರಲ್ಲಿ ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬೆರರ್ ಅಳತೆಯನ್ನು ಚಕ್ರದಿಂದ ತೆಗೆದು ಪೆಡಲಿನ ತೋಳಾದ ಕ್ರ್ಯಾಂಕಿಗೇ ತಂದ. ಎಸ್‌ಆರ್‌ಎಂ ಎಂಬ ಅವನ ಮೀಟರಿನೊಳಗೆ ಇದ್ದದ್ದು ಸ್ಟ್ರೇನ್ ಗೇಜು, ಅಂದರೆ ಲೋಹ ಬಾಗಿದಷ್ಟೂ ವಿದ್ಯುತ್ ರೋಧ ಬದಲಾಗುವ ಸಣ್ಣ ತಂತಿ. ಈಗಿನ ಎಲೆಕ್ಟ್ರಾನಿಕ್ ತಕ್ಕಡಿಯ ಹೊಟ್ಟೆಯಲ್ಲಿರುವುದೂ ಅದೇ. ಸ್ಟ್ರೇನ್ ಗೇಜಿನ ಶತ್ರು ಬಿಸಿಲು. ತಂಪಿನಲ್ಲಿದ್ದ ಸೈಕಲ್ಲನ್ನು ಮುಂಡರಗಿಯ ಮೇ ತಿಂಗಳ ಬಿಸಿಲಿಗೆ ತಂದರೆ ಲೋಹ ಹಿಗ್ಗುತ್ತದೆ, ಯಾರೂ ತುಳಿಯದಿದ್ದರೂ ಮೀಟರಿಗೆ ಭಾರ ಕಂಡಂತಾಗುತ್ತದೆ. ಅದಕ್ಕೇ ಹೊರಗಿನ ಹವೆಗೆ ಸೈಕಲ್ ಹೊಂದಿಕೊಳ್ಳಲು ಬಿಟ್ಟು, ಕಾಲು ತೆಗೆದು, ಕ್ರ್ಯಾಂಕ್ ಅಲುಗದಂತೆ ನಿಲ್ಲಿಸಿ ಸೊನ್ನೆ ಹೊಂದಿಸುವುದು.

ಸೊನ್ನೆ ಸರಿಯಾದ ಮಾತ್ರಕ್ಕೆ ನೂರು ಸರಿಯಾಗುವುದಿಲ್ಲ. ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ, ನಿಲ್ಲಬಾರದು. ಹಿಂದಿನ ಚಕ್ರ ತಿರುಗದಂತೆ ಹಿಡಿದು, 170 ಮಿಲಿಮೀಟರಿನ ಕ್ರ್ಯಾಂಕನ್ನು ಅಡ್ಡಕ್ಕೆ ನಿಲ್ಲಿಸಿ, ಪೆಡಲಿನ ಅಚ್ಚಿಗೆ ಮುದ್ರೆಯುಳ್ಳ 20 ಕಿಲೋ ತೂಕ ನೇತುಹಾಕಿದರೆ 33.4 ನ್ಯೂಟನ್-ಮೀಟರ್ ತೋರಿಸಬೇಕು. 34.4 ತೋರಿಸಿದರೆ ಸವಾರನ 300 ವಾಟ್ ನಿಜಕ್ಕೂ 291. ಅಷ್ಟಕ್ಕೇ ತಂಡದ ಆಯ್ಕೆ ಹಿಂದೆ ಮುಂದೆ ಆದೀತು. ಇನ್ನು ಜಿಮ್ಮಿನ ಅಗ್ಗದ ಸೈಕಲ್ಲುಗಳಲ್ಲಿ ಎಷ್ಟೋ ಏನನ್ನೂ ಅಳೆಯುವುದೇ ಇಲ್ಲ. ಅಯಸ್ಕಾಂತ ಎಲ್ಲಿದೆ, ಪೆಡಲ್ ಎಷ್ಟು ಬೇಗ ತಿರುಗುತ್ತಿದೆ ಎಂಬುದರಿಂದ ಅಂದಾಜು ಕಟ್ಟಿ ವಾಟ್ ಎಂದು ಬರೆಯುತ್ತವೆ.

ಗದಗಿಗೆ ಇದು ದೂರದ ಮಾತಲ್ಲ. ವಿಜಯಪುರ, ಬಾಗಲಕೋಟೆಗಳಂತೆ ಈ ಜಿಲ್ಲೆಯೂ ಸೈಕ್ಲಿಸ್ಟರ ನೆಲ. ಇಲ್ಲಿನ ಕ್ರೀಡಾ ವಸತಿ ನಿಲಯದಲ್ಲಿ ಸೈಕ್ಲಿಂಗ್ ತರಬೇತಿಯಿದೆ, ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆಯೂ ಇಲ್ಲಿ ನಡೆದಿದೆ. ರಾಷ್ಟ್ರಮಟ್ಟದ ಆಯ್ಕೆಯಲ್ಲಿ ಈಗ ರಸ್ತೆಯ ಓಟದ ಜೊತೆಗೆ ವಾಟ್‌ಬೈಕ್ ಎಂಬ ನಿಂತ ಸೈಕಲ್ಲಿನ ಮೇಲಿನ ಅಂಕಿಗೂ ಬೆಲೆ ಉಂಟು.

ಅಂಕಿ ಸರಿಯಿದ್ದರೂ ಅದು ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ಮೊದಲಿನ ಮೀಟರುಗಳಿಗೆ ಹ್ಯಾಂಡಲ್ ಮೇಲಿನ ಪರದೆಯ ತನಕ ವೈರಿತ್ತು. ಯಾರ ಬಲ ಯಾರ ಪರದೆಗೆ ಹೋಗುತ್ತದೆ ಎಂಬ ಗೊಂದಲವಿರಲಿಲ್ಲ. ಕೆನಡಾದ ಡೈನಾಸ್ಟ್ರೀಮ್ ರೂಪಿಸಿದ ಆ್ಯಂಟ್ ರೇಡಿಯೋ ಬಂದ ಮೇಲೆ ವೈರು ಹೋಯಿತು, ಗೊಂದಲ ಬಂತು. ಆ್ಯಂಟ್ ಸಂಕೇತವನ್ನು ಸುತ್ತಲಿನ ಎಲ್ಲ ಪರದೆಗಳೂ ಕೇಳಿಸಿಕೊಳ್ಳಬಲ್ಲವು. ಬ್ಲೂಟೂತ್ ಸಾಮಾನ್ಯವಾಗಿ ಒಂದೆರಡು ಪರದೆಗಳಿಗಷ್ಟೇ ಒಲಿಯುತ್ತದೆ. ಸಾಲಾಗಿ ಸೈಕಲ್ಲಿಟ್ಟ ಕೋಣೆಯಲ್ಲಿ ಮೀಟರನ್ನು ಪರದೆಗೆ ಜೋಡಿಸುವಾಗ (ಪೇರ್ ಮಾಡುವಾಗ) ಪಕ್ಕದವರು ಪೆಡಲ್ ನಿಲ್ಲಿಸಿರಬೇಕು, ಇಲ್ಲವೇ ಮೀಟರಿನ ಮೇಲೆ ಅಚ್ಚಾದ ಸಂಖ್ಯೆಯನ್ನು ಪರದೆಯ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಸೊನ್ನೆ ಹೊಂದಿಸುವುದು ಅದಾದ ಮೇಲೆ.